ಹಿಮ್ಮಡಿ ಇಳಿಸಿದ ಮಳೆಗಾಲ

ಕಳೆದ ತಿಂಗಳು ತವರಿಗೆಂದು ಮೂಡಲಗಿಗೆ ಹೋದವಳು ಅಣ್ಣನ ಸ್ಕೂಟರ್ ತೆಗೆದುಕೊಂಡು ಕೌಜಲಗಿಯ ಕಡೆ ಹೊರಟಿದ್ದೆ. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ರಸ್ತೆಯ ಪಕ್ಕದ ಹೊಲದಲ್ಲಿ ಯಾರೋ ಕುರಿ ನಿಲ್ಲಿಸಿದ್ದರು. ನೆನೆದ ಉಣ್ಣೆ, ಕುರಿಹಿಕ್ಕೆ, ಎರೆಮಣ್ಣು ಈ ಮೂರೂ ಕೂಡಿದ ವಾಸನೆ ಗಾಳಿಯಲ್ಲಿ ಬಂದು ಮೂಗಿಗೆ ಬಡಿದದ್ದೇ ತಡ, ನನ್ನ ಎಡ ಹೆಗಲು ತಾನಾಗಿಯೇ ಬಿಗಿಯಿತು. ಸ್ಕೂಟರ್ ನಿಲ್ಲಿಸಿದೆ. ಆ ಹೆಗಲು ಮುರಿದದ್ದು ಇದೇ ವಾಸನೆಯ ನಡುವೆ. ಆ ಇಡೀ ಮಳೆಗಾಲವನ್ನು ನಾನು ಒಬ್ಬ ಹೆಣ್ಣುಮಗಳ ಮೇಲೆ ಅನುಮಾನಪಡುತ್ತ ಕಳೆದೆ.

ನಾನು ಹುಕ್ಕೇರಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಅದಕ್ಕೂ ಮೊದಲು, ಕ್ರೀಡಾ ಹಾಸ್ಟೆಲ್ಲಿನ ದಿನಗಳಿಂದಲೂ, ಸೈಕಲ್ ರೇಸಿನವಳು. ಡಾಂಬರ್ ರಸ್ತೆಯ ರೇಸುಗಳಲ್ಲಿ ನನ್ನ ವಯಸ್ಸಿನ ಹೆಂಗಸರಿಗೆ ಜಾಗ ಇಲ್ಲವಾದಾಗ ಗುಡ್ಡಗಾಡಿನ ಸೈಕಲ್ಲಿಗೆ ಬದಲಾಯಿಸಿಕೊಂಡೆ. ಸೈಕಲ್ ಬದಲಾದರೂ ಪೆಡಲ್ ಬದಲಾಗಲಿಲ್ಲ. ಹಾಸ್ಟೆಲ್ಲಿನಲ್ಲಿ ಕಲಿತ ಕ್ಲಿಪ್ ಪೆಡಲ್ಲನ್ನೇ ಗುಡ್ಡಕ್ಕೂ ಒಯ್ದೆ. ಅದರ ಬೂಟಿನ ಅಡಿಯಲ್ಲಿ ಬೆರಳಗಲದ ಒಂದು ಲೋಹದ ತುಂಡು ಇರುತ್ತದೆ. ತುಳಿದರೆ ಅದು ಪೆಡಲ್ಲಿನಲ್ಲಿ ಟಕ್ಕೆಂದು ಕೂತು ಬೂಟನ್ನು ಹಿಡಿದುಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಕಾಲು ತುಳಿಯುವುದಷ್ಟೇ ಅಲ್ಲ, ಮೇಲಕ್ಕೆ ಎಳೆಯಲೂಬಹುದು. ಇಷ್ಟು ವರ್ಷ ಅದು ನನ್ನ ಕಾಲಿನದೇ ಒಂದು ಭಾಗವಾಗಿತ್ತು.

ಆ ವರ್ಷ ಜೂನ್ ತಿಂಗಳ ಮಿರಗದ ಮಳೆ ಹಿಡಿದ ಮೊದಲ ಭಾನುವಾರ, ತವರಿನಲ್ಲಿದ್ದೆ. ಬೆಳಿಗ್ಗೆ ಕೌಜಲಗಿ ಕಡೆಯ ಹೊಲದ ಹಾದಿಗಳಲ್ಲಿ ಸೈಕಲ್ ಹೊಡೆಯಲು ಹೋದೆ. ಒಂದು ಕಡೆ ಎರೆಮಣ್ಣು ಅಂಟಿ ಗಾಲಿ ತಿರುಗದಾದಾಗ ಇಳಿದು ದಾಟಿದೆ. ಬೂಟಿನ ಅಡಿಯನ್ನು ಕಲ್ಲಿಗೆ ತಿಕ್ಕಿ ಮತ್ತೆ ಹತ್ತಿದೆ. ಪೆಡಲ್ಲು ಟಕ್ಕೆನ್ನಲಿಲ್ಲ, ಮೆತ್ತಗೆ ಕಚ್ಚಿಕೊಂಡಿತು. ಮುಂದೆ ಒಂದು ಒಡ್ಡು, ಅದರಾಚೆ ಕಲ್ಲು ತುಂಬಿದ ಸಣ್ಣ ಹಳ್ಳ. ಮುಂದಿನ ಗಾಲಿ ಕಲ್ಲಿಗೆ ಆತು ನಿಂತಿತು. ಎಡ ಹಿಮ್ಮಡಿ ತಿರುವಿದೆ, ಬರಲಿಲ್ಲ. ಮತ್ತೆ ತಿರುವಿದೆ. ಸಂದಿಯಲ್ಲಿ ಹೊಕ್ಕ ಎರೆಮಣ್ಣು ಬೂಟನ್ನೂ ಪೆಡಲ್ಲನ್ನೂ ಒಂದೇ ಮಾಡಿಬಿಟ್ಟಿತ್ತು. ನಿಂತ ಸೈಕಲ್ಲಿನ ಮೇಲೆ ಕೂತಲ್ಲೇ ನಿಧಾನವಾಗಿ ಎಡಕ್ಕೆ ವಾಲಿ, ಬೀಳುತ್ತಿದ್ದೇನೆಂದು ಪೂರ್ತಿ ತಿಳಿದೇ, ಹೆಗಲು ಕೊಟ್ಟು ಕಲ್ಲಿನ ಮೇಲೆ ಬಿದ್ದೆ. ಒಳಗೆ ಏನೋ ಮುರಿದ ಸಪ್ಪಳ ನನಗೇ ಕೇಳಿಸಿತು.

ಆಚೆ ಹೊಲದಲ್ಲಿ ಕುರಿಗಳಿದ್ದವು. ಅಲ್ಲಿಂದ ಒಬ್ಬಳು ಕೂಗುತ್ತ ಬಂದಳು. ಬಂದವಳು ಲಗಮವ್ವ. ಹಾಸ್ಟೆಲ್ಲಿನಲ್ಲಿ ನನಗಿಂತ ಚಿಕ್ಕವಳು, ಆಮೇಲೆ ರೇಸುಗಳಲ್ಲಿ ನನ್ನ ಎದುರಾಳಿ. ಕುರಿ ಕಾಯುವ ಅಪ್ಪನಿಗೆ ಬುತ್ತಿ ಕೊಡಲು ಬಂದಿದ್ದಳಂತೆ. ನನ್ನ ಕಾಲು ಪೆಡಲ್ಲಿಗೆ ಇನ್ನೂ ಅಂಟಿಕೊಂಡೇ ಇತ್ತು. ನಾನು ಅದನ್ನು ತಿರುವಲು ಹೆಣಗುತ್ತಿದ್ದರೆ ಆಕೆ ಕೂತು ಬೂಟಿನ ಪಟ್ಟಿ ಬಿಚ್ಚಿದಳು.

"ಬೂಟ್ ಅಲ್ಲೇ ಇರ್ಲಿ ಅಕ್ಕಾ, ಕಾಲಷ್ಟ ತಗೀರಿ."

ಕಾಲು ಹೊರಬಂತು. ಬೂಟು ಪೆಡಲ್ಲಿನಲ್ಲೇ ಉಳಿಯಿತು. ನನ್ನ ತೋಳನ್ನು ಟವೆಲ್ಲಿನಿಂದ ಎದೆಗೆ ಕಟ್ಟುತ್ತ ಲಗಮವ್ವ ಹೇಳಿದಳು: "ಈ ಮಣ್ಣಾಗ ಕ್ಲಿಪ್ ಬ್ಯಾಡ್ರಿ ನಿಮಗ. ಫ್ಲ್ಯಾಟ್ ಪೆಡಲ್ ಹಾಕ್ರಿ. ನಾ ಹೇಳ್ಕೊಡ್ತೇನಿ."

ಅಷ್ಟು ನೋವಿನಲ್ಲೂ ನನಗೆ ಮೊದಲು ಬಂದ ಯೋಚನೆ, ಇವಳಿಗೇಕೆ ಇಷ್ಟು ಕಾಳಜಿ ಎಂಬುದೇ.

ಅನುಮಾನಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಂದು ರಸ್ತೆ ರೇಸಿನಲ್ಲಿ ನಾವಿಬ್ಬರೇ ಮುಂದೆ ಉಳಿದಿದ್ದೆವು. ಎದುರು ಗಾಳಿ ಜೋರಿತ್ತು. ಮುಂದಿದ್ದವರು ಗಾಳಿ ಸೀಳಿದರೆ ಹಿಂದಿನವರಿಗೆ ಶಕ್ತಿ ಉಳಿಯುತ್ತದೆ. "ಕೊನೀತನಕ ಪಾಳಿ ಮ್ಯಾಲೆ ಗಾಳಿ ತಡಿಯೋಣ್ರಿ, ಆಮ್ಯಾಲ ಯಾರ ಗೆಲ್ತಾರ ಗೆಲ್ಲಲಿ" ಎಂದಿದ್ದಳು. ಒಪ್ಪಿದೆ. ನನ್ನ ಪಾಳಿಯಲ್ಲಿ ನಾನು ತಲೆ ತಗ್ಗಿಸಿ ಗಾಳಿ ಸೀಳುತ್ತಿದ್ದಾಗ, ಕೊನೆಯ ತಿರುವಿಗೂ ಬಹಳ ಮುಂಚೆ, ಹಿಂದಿನಿಂದ ಹಾರಿ ಹೋದಳು. ಮತ್ತೆ ಕೈಗೆ ಸಿಗಲಿಲ್ಲ. ರೇಸಿನಲ್ಲಿ ಇದೆಲ್ಲ ನಡೆಯುತ್ತದೆ. ಆದರೆ ನಾನು ಮರೆತಿರಲಿಲ್ಲ, ನನ್ನ ಅಣ್ಣ ಈರಣ್ಣನಂತೂ ಮರೆತೇ ಇರಲಿಲ್ಲ.

ಪ್ಲಾಸ್ಟರ್ ಕಟ್ಟಿಸಿಕೊಂಡು ಹುಕ್ಕೇರಿಯಲ್ಲಿ ಮಲಗಿದ್ದಾಗ ಈರಣ್ಣ ನೋಡಲು ಬಂದ. ಮೂಡಲಗಿಯಲ್ಲಿ ಅವನದು ಗೊಬ್ಬರದ ಅಂಗಡಿ. ಮಾತಿನಲ್ಲಿ ಯಾವಾಗಲೂ ತೂಕ ಹಾಕುವ ಮನುಷ್ಯ. ಲಗಮವ್ವ ಪೆಡಲ್ ಬದಲಿಸಲು ಹೇಳಿದ್ದನ್ನು ಅವನಿಗೆ ತಿಳಿಸಿದೆ.

"ಮಳಿಗಾಲ ಮುಗಿಯೂದ್ರಾಗ ಜಿಲ್ಲಾದ ಆಯ್ಕಿ ರೇಸ್ ಐತಿ ಹೌದಿಲ್ಲೋ? ರಾಜ್ಯ ರೇಸಿಗೆ ಹೆಣ್ಮಕ್ಕಳಿಗೆ ಒಂದ ಜಾಗ. ನಿನ್ನ ಬಿಟ್ರ ಆಕೀನ. ನೀ ರೂಢಿ ಬಿಟ್ಟು ಹೊಸಾದು ಕಲಿಯಾಕ ನಿಂತರ ಲಾಭ ಯಾರಿಗೆ?"

"ಡಾಕ್ಟರ್ ಏನಂದಾರ ಗೊತ್ತೈತಿ ಅಲ್ಲ ಅಣ್ಣಾ? ಇದ ಹೆಗಲ ಮ್ಯಾಲ ಇನ್ನೊಮ್ಮೆ ಬಿದ್ರ ಸಾಲ್ಯಾಗ ಆಟಾ ಆಡ್ಸೂ ಕೆಲಸಾನೂ ಕಷ್ಟ ಅಂದಾರ."

"ಹಂಗಾರ ರೇಸ ಬ್ಯಾಡ ಬಿಡು. ಆಕಿ ಮಾತ ಕೇಳಿ ಮಾತ್ರ ಏನೂ ಮಾಡಬ್ಯಾಡ."

ರೇಸು ಬಿಡಲು ನನಗೆ ಮನಸ್ಸಿರಲಿಲ್ಲ. ಮುಂದಿನ ವರ್ಷ ಶಾಲೆಯವರು ರಜೆ ಕೊಡುತ್ತಾರೋ ಇಲ್ಲವೋ, ಈ ದೇಹ ಜೊತೆ ಕೊಡುತ್ತದೋ ಇಲ್ಲವೋ. ಆದರೆ ಆ ನಿಧಾನದ ಬೀಳುವಿಕೆ ನೆನಪಾದರೆ ಸಾಕು, ಮಲಗಿದಲ್ಲೇ ಎಡಗಾಲಿನ ಹಿಮ್ಮಡಿ ಹೊರಕ್ಕೆ ತಿರುಗುತ್ತಿತ್ತು. ಕೊನೆಗೆ ಲಗಮವ್ವನ ಮಾತಿಗಲ್ಲ, ನನ್ನ ಹೆದರಿಕೆಗೆ ಮಣಿದು ಒಂದು ಜೊತೆ ಫ್ಲ್ಯಾಟ್ ಪೆಡಲ್ ತರಿಸಿದೆ. ಅಂಗೈಗಿಂತ ಅಗಲ, ತೆಳ್ಳಗೆ, ಎರಡೂ ಮೈಯಲ್ಲಿ ಸಣ್ಣ ಮೊಳೆಗಳು. ನೋಡಿದರೇ ನಂಬಿಕೆ ಬರುವ ವಸ್ತುವಲ್ಲ. ಕಾಲನ್ನು ಹಿಡಿಯುವ ಯಾವುದೂ ಅದರಲ್ಲಿಲ್ಲ. ಸಣ್ಣ ಮಕ್ಕಳ ಸೈಕಲ್ಲಿನ ಪೆಡಲ್ಲಿಗೆ ಹಲ್ಲು ಮೂಡಿದ ಹಾಗಿತ್ತು.

ಪ್ಲಾಸ್ಟರ್ ಬಿಚ್ಚಿ, ತೋಳಿಗೆ ಶಕ್ತಿ ಬಂದ ಮೇಲೆ, ಶಾಲೆಯಲ್ಲಿ ಹಾಕುವ ಓಟದ ಬೂಟನ್ನೇ ತೊಟ್ಟು ಹುಕ್ಕೇರಿ ಹೊರಗಿನ ಕೆಂಪು ದಿಬ್ಬದ ಮೇಲೆ ಹತ್ತಿದೆ. ಇಳಿಜಾರಿನಲ್ಲಿ ಒಂದು ಬೇರು ಅಡ್ಡ ಬಂತು. ಹಳೆಯ ರೂಢಿಯಂತೆ ಎರಡೂ ಕಾಲಿನಿಂದ ಸೈಕಲ್ಲನ್ನು ಮೇಲೆಳೆದೆ. ಸೈಕಲ್ ಏಳಲಿಲ್ಲ. ಕಾಲುಗಳು ಮಾತ್ರ ಎದ್ದವು. ಬಲ ಪೆಡಲ್ಲು ಗರ್ರನೆ ತಿರುಗಿ ಬಂದು ಮೊಣಕಾಲಿನ ಕೆಳಗೆ ಎಲುಬಿಗೇ ಬಡಿಯಿತು. ಮೊಳೆಗಳು ಸಾಲಾಗಿ ಚರ್ಮ ಕಿತ್ತವು. ಬೀಳಲಿಲ್ಲ, ಆದರೆ ರಕ್ತ ಕಾಲುಚೀಲದ ತನಕ ಇಳಿಯಿತು. ಲಗಮವ್ವ ಬಯಸಿದ್ದು ಇದನ್ನೇ ಇರಬೇಕು ಅಂದುಕೊಂಡೆ. ಸಿಟ್ಟಿನಲ್ಲೇ ಫೋನ್ ಮಾಡಿದೆ.

"ಯಾವ ಬೂಟ್ ಹಾಕಿದ್ರಿ?" ಅಂದಳು ಆಕೆ.

"ಓಡೂದು."

"ಅದರ ಅಡಿ ಸ್ಪಂಜ್ ಇರ್ತೇತ್ರಿ, ನಡುವ ಬಾಗಿರ್ತೇತಿ. ಮೊಳಿ ಅದನ್ನ ಹಿಡಿಯಂಗಿಲ್ಲ. ಸಪಾಟ್ ಅಡಿ ಬೇಕು, ಮೆತ್ತನ್ನ ರಬ್ಬರ್, ಆದ್ರ ಬಾಗಬಾರ್ದು. ಬರೂ ಐತವಾರ ಗೋಕಾಕದ ಗುಡ್ಡದ ಬುಡಕ ಬರ್ರಿ. ನಾ ಬರ್ತೇನಿ."

ಹೋದೆ. ಕಲಿಯಲೆಂದೇ ಹೋದೆ ಎಂದರೆ ಪೂರ್ತಿ ನಿಜವಲ್ಲ. ಕಣ್ಣೆದುರಿಗಿದ್ದರೆ ಆಕೆ ಏನು ಹೂಡುತ್ತಿದ್ದಾಳೆಂದು ತಿಳಿದೀತು ಎಂಬ ಲೆಕ್ಕಾಚಾರವೂ ಇತ್ತು. ಬೂಟನ್ನು ಆಕೆ ಹೇಳಿದಂಥದ್ದನ್ನೇ ತರಿಸಿದ್ದೆ. ಒದ್ದೆಯಾದರೆ ಇಟ್ಟಿಗೆಯಷ್ಟು ಭಾರವಾಗುವ, ಅಡಿ ನೋಡಿದರೆ ಚಪಾತಿಯಷ್ಟು ಸಪಾಟಾದ ಬೂಟು. ಆದರೆ ಪೆಡಲ್ಲಿನ ಮೇಲೆ ಇಟ್ಟಾಗ ಮೊಳೆಗಳು ಕಚ್ಚಿದ್ದು ಅಂಗಾಲಿಗೆ ತಿಳಿಯಿತು. ಕಾಲನ್ನು ಆಚೀಚೆ ಸರಿಸಬೇಕಾದರೂ ಮೊದಲು ಮೇಲೆತ್ತಬೇಕಿತ್ತು.

ಆ ಜಾಗ ಗೋಕಾಕದಿಂದ ಸ್ವಲ್ಪ ಹೊರಗೆ, ಗುಡ್ಡ ಇಳಿದು ಬಯಲು ಸೇರುವಲ್ಲಿ. ಕೆಂಪುಗಲ್ಲಿನ ಹಾಸು, ನಡುವೆ ಮಳೆನೀರು ಕೊರೆದ ಹಾದಿ. ಲಗಮವ್ವ ಸ್ಕೂಟರಿನಲ್ಲಿ ಬಂದು ಒಂದು ಬಂಡೆಯ ಮೇಲೆ ಕೂತಳು. ತನ್ನ ಸೈಕಲ್ ತಂದಿರಲಿಲ್ಲ.

"ನಿನ್ನ ಸೈಕಲ್?"

"ರಿಪೇರಿಗೆ ಹೋಗೇತ್ರಿ."

ಮುಂದಿನ ಭಾನುವಾರವೂ ಅದು ರಿಪೇರಿಯಲ್ಲೇ ಇತ್ತು. ಅದರ ಮುಂದಿನ ವಾರವೂ. ನಾನು ಕೇಳುವುದನ್ನು ಬಿಟ್ಟೆ, ಗಮನಿಸುವುದನ್ನು ಬಿಡಲಿಲ್ಲ.

ಕೂತಲ್ಲಿಂದಲೇ ಹೇಳುತ್ತಿದ್ದಳು. "ಬೆರಳ ಬುಡ ಇಡಬ್ಯಾಡ್ರಿ, ಇನ್ನೂ ಮುಂದ ಸರಿಸ್ರಿ. ಪೆಡಲ್ಲಿನ ಅಚ್ಚು ಅಂಗಾಲಿನ ನಡುವಿಗೆ ಬರ್ಲಿ." ಡಾಂಬರ್ ರಸ್ತೆಯಲ್ಲಿ ನಾವು ಕಾಲಿನ ತುದಿಯಿಂದ ತುಳಿದವರು. ಹಾಗೆ ಮುಂದೆ ಸರಿಸಿದರೆ ಬಾತುಕೋಳಿ ತುಳಿದ ಹಾಗೆ ಅನ್ನಿಸುತ್ತಿತ್ತು. ನನ್ನ ವೇಗ ಕಡಿಮೆ ಮಾಡಲು ಹೇಳುತ್ತಿದ್ದಾಳೆಯೇ? ಆಕೆ ಮುಖ ತಿರುಗಿಸಿದಾಗ ಹಳೆಯ ರೀತಿಯಲ್ಲಿ ಕಾಲಿಟ್ಟು ಇಳಿದು ನೋಡಿದೆ. ಮೊದಲ ಕಲ್ಲಿಗೇ ಕಾಲು ಜಿಗಿದು ಹೊರಬಂತು. ಮತ್ತೆ ಹತ್ತಿ, ಆಕೆ ಹೇಳಿದಂತೆ ಇಟ್ಟು ಇಳಿದೆ. ಕಾಲು ನಿಂತಿತು.

"ಎರಡೂ ಕಡೆ ಇಟ್ಟು ನೋಡಿದ್ರಿ ಅಲ್ಲ?" ಎಂದಳು, ನನ್ನ ಕಡೆ ತಿರುಗದೆ.

ಹೀಗೇ ಆಯಿತು ಆ ಕಲಿಕೆ. ಆಕೆ ಹೇಳಿದ ಪ್ರತಿಯೊಂದನ್ನೂ ನಾನು ಮೊದಲು ತಿರುವುಮುರುವು ಮಾಡಿ ಪರೀಕ್ಷಿಸಿ, ಸೋತು, ಆಮೇಲೆ ಒಪ್ಪಿಕೊಳ್ಳುತ್ತಿದ್ದೆ. ಇಳಿಯುವಾಗ ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಬೇಕು, ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಕಾಲಿಗೆ ಬಿಡಬೇಕು, ಕೈ ಹಗುರವಾಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹಿಮ್ಮಡಿ. "ಹಿಮ್ಮಡ ಇಳಸ್ರಿ ಅಕ್ಕಾ, ಹಿಮ್ಮಡ!" ಎಂದು ಆಕೆ ಕೂಗಿದ್ದು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಹಿಮ್ಮಡಿ ಕೆಳಗಿದ್ದರೆ ಸೈಕಲ್ ಕುಲುಕಿದಾಗ ಕಾಲು ಪೆಡಲ್ಲಿನೊಳಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಬೆರಳು ಕೆಳಗಿದ್ದರೆ ಜಾರುತ್ತದೆ. ಕಲ್ಲು ದಾಟಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೇಲೆ ಎಳೆಯುವಂತಿಲ್ಲ. ಮೊದಲು ಮೈ ಕುಗ್ಗಿಸಿ ಸೈಕಲ್ಲನ್ನು ನೆಲಕ್ಕೆ ಒತ್ತಬೇಕು, ಅದು ಪುಟಿದೇಳುವಾಗ ಬೆರಳನ್ನು ಕೆಳಗೆ ಮಾಡಿ ಪೆಡಲ್ಲನ್ನು ಹಿಂದಕ್ಕೆ ಗೋರಬೇಕು. ಲಗಮವ್ವ ಅದನ್ನು ಎರಡು ಅಂಗೈಗಳಲ್ಲಿ ಮಾಡಿ ತೋರಿಸುತ್ತಿದ್ದಳು. ಕಾಲಿನಿಂದ ಒಮ್ಮೆಯೂ ತೋರಿಸಲಿಲ್ಲ.

ನನ್ನ ಎರಡೂ ಮೊಣಕಾಲುಗಳ ಕೆಳಗೆ ಗಾಯದ ಮೇಲೆ ಗಾಯ ಆಯಿತು. ಶಾಲೆಯಲ್ಲಿ ಹುಡುಗಿಯರು "ಬೆಕ್ಕು ಪರಚೇತೇನ್ರಿ ಟೀಚರ್" ಎಂದು ಕೇಳಿದರು. ಆದರೆ ಬೀಳಲಿಲ್ಲ. ಬೀಳುವ ಹಾಗಾದಾಗ ಕಾಲು ತಾನಾಗಿ ನೆಲಕ್ಕೆ ಬರುತ್ತಿತ್ತು. ಶ್ರಾವಣ ಮುಗಿಯುವ ಹೊತ್ತಿಗೆ ಆ ಕಲ್ಲುಹಾದಿಯನ್ನು ಮೇಲಿನಿಂದ ಕೆಳಗಿನ ತನಕ ಬ್ರೇಕಿಗೆ ಜೋತು ಬೀಳದೆ ಇಳಿದೆ. ಕೆಳಗೆ ಬಂದಾಗ ಲಗಮವ್ವನ ಮುಖದಲ್ಲಿ ಖುಷಿ ಇತ್ತು. ಆ ಖುಷಿಯನ್ನು ಕಂಡೇ ನನಗೆ ಮತ್ತೆ ಅನುಮಾನ ಬಂತು. ಎದುರಾಳಿ ಸುಧಾರಿಸಿದರೆ ಯಾರು ಹೀಗೆ ನಗುತ್ತಾರೆ?

ಆಯ್ಕೆ ರೇಸಿಗೆ ವಾರ ಉಳಿದಿರುವಾಗ ಈರಣ್ಣ ಫೋನಿಗೆ ಒಂದು ಫೋಟೋ ಕಳಿಸಿದ. ಬೆಳಗಿನ ಮಬ್ಬಿನಲ್ಲಿ ಮೂಡಲಗಿ ರಸ್ತೆಯ ಮೇಲೆ ಲಗಮವ್ವ ಸೈಕಲ್ ಹೊಡೆಯುತ್ತಿದ್ದಳು. ರಿಪೇರಿಗೆ ಹೋದ ಸೈಕಲ್. ದೊಡ್ಡದು ಮಾಡಿ ನೋಡಿದೆ. ಕಾಲಲ್ಲಿ ಕ್ಲಿಪ್ ಬೂಟು.

"ನಿನಗ ಬ್ಯಾಡ ಅಂದದ್ದು ಆಕಿಗೆ ಹ್ಯಾಂಗ ಬೇಕಾತು?" ಎಂದು ಕೇಳಿದ ಅಣ್ಣ.

ಆ ದಿನವೇ ಕೌಜಲಗಿಗೆ, ಲಗಮವ್ವನ ಮನೆಗೆ ಹೋದೆ. ಮನೆ ಊರ ಹೊರಗೆ, ಪಕ್ಕದಲ್ಲೇ ಕುರಿಹಟ್ಟಿ. ಅವರವ್ವ ಕಂಬಳಿ ಹಾಸಿ "ಬರ್ರಿ ತಂಗಿ, ಕುಂಡ್ರಿ" ಎಂದು ಒಳಗೆ ಚಹಾಕ್ಕೆ ಹೋದಳು. ನಾನು ಕೂರಲಿಲ್ಲ. ಫೋಟೋ ಮುಂದೆ ಹಿಡಿದೆ.

"ಇದೇನ ಲಗಮವ್ವಾ? ಇಷ್ಟ ದಿನಾ ನನ್ನ ಮಂಗ್ಯಾ ಮಾಡಿದಿ ಏನ?"

ಆಕೆ ಫೋಟೋ ನೋಡಿದಳು. ಒಳಗೆ ಅವ್ವನ ಕಡೆ ಒಮ್ಮೆ ನೋಡಿ, ಹಟ್ಟಿಯ ಆಚೆ ಕರೆದೊಯ್ದಳು. ಕಲ್ಲಿನ ಮೇಲೆ ಕೂತು ಎಡಗಾಲಿನ ಬೂಟು, ಕಾಲುಚೀಲ ತೆಗೆದಳು. ಪಾದದ ಮೇಲಿಂದ ಮೀನಖಂಡದ ತನಕ ಹೊಲಿಗೆಯ ಗುರುತು.

"ಕಬ್ಬಿನ ಟ್ರ್ಯಾಕ್ಟರದ ಗಾಲಿ ಸವರಿಕೊಂಡು ಹೋತ್ರಿ, ಎರಡು ವರ್ಷದ ಹಿಂದ. ಎಲುಬು ಕೂಡ್ತು, ನರ ಕೂಡ್ಲಿಲ್ಲ. ನೋಡ್ರಿ, ಬೆರಳ ಎತ್ತಾಕ ಬರಂಗಿಲ್ಲ."

ಎತ್ತಲು ಯತ್ನಿಸಿದಳು. ಬಲಗಾಲಿನ ಬೂಟಿನ ತುದಿ ಎದ್ದಿತು. ಎಡಗಾಲು ಹಾಗೇ ಜೋತಿತ್ತು. ಹೊಲದ ಹಾದಿಯಲ್ಲಿ ಆಕೆ ನಡೆಯುವಾಗ ನಾನು ಏನೂ ಕಂಡಿರಲಿಲ್ಲ. ಉಬ್ಬುತಗ್ಗಿನಲ್ಲಿ ಎಲ್ಲರೂ ಹಾಗೇ ನಡೆಯುತ್ತಾರೆ.

"ಫ್ಲ್ಯಾಟ್ ಪೆಡಲ್ ಒಂದ ವರ್ಷ ಮಾಡಿ ನೋಡಿದೆ. ಎಲ್ಲಾ ಕಲ್ತೆ. ಆದ್ರ ಕಾಲು ಅದರ ಮ್ಯಾಲ ಐತೋ ಜಾರೇತೋ ನನಗ ಗೊತ್ತಾಗಂಗಿಲ್ಲ. ಬಗ್ಗಿ ನೋಡೇ ತಿಳ್ಕೋಬೇಕು. ಇಳಿಜಾರಿನ್ಯಾಗ ಕಾಲ ನೋಡ್ಕೋತ ಯಾರ ಸೈಕಲ್ ಹೊಡೀತಾರ? ಅದಕ ಕಟ್ಟಿಹಾಕ್ಕೊಂಡೇ ಹೋಗ್ತೇನಿ. ಯಾರಿಗೂ ಹೇಳಿಲ್ಲ. ಹೇಳಿದ್ರ ಡಾಕ್ಟರ್ ಸರ್ಟಿಫಿಕೇಟ್ ತಾ ಅಂತಾರ, ಅಲ್ಲಿಗೆ ಮುಗೀತು. ಸೈಕಲ್ ರಿಪೇರಿ ಅಂದದ್ದು ಸುಳ್ಳ. ಅದೊಂದು ಸುಳ್ಳ."

"ಮತ್ತ ನನಗ್ಯಾಕ ಕಲಸಿದಿ?"

ಆಕೆ ಕಾಲುಚೀಲ ಏರಿಸಿಕೊಳ್ಳುತ್ತ ಸಲೀಸಾಗಿ ಹೇಳಿದಳು: "ಮೂರು ಮಂದಿ ಇಲ್ದಿದ್ರ ಹೆಣ್ಮಕ್ಕಳ ರೇಸ್ ರದ್ದು ಅಂತಾರ್ರಿ. ನಿಡಸೋಸಿ ಕಾಲೇಜಿನ ಹುಡುಗಿ ಒಬ್ಬಾಕಿ, ನಾ ಒಬ್ಬಾಕಿ. ನೀವು ಬಿದ್ದು ಮನ್ಯಾಗ ಕುಂತರ ನನ್ನ ರೇಸೂ ಇಲ್ಲ. ನೀವು ಬೇಕಾಗಿತ್ತು ನನಗ."

ಪ್ರೀತಿಯಿಂದ ಕಲಿಸಿದೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ. ಅವರವ್ವ ತಂದ ಚಹಾ ಕೂತು ಕುಡಿದೆ. ಆದರೂ ಬಸ್ಸಿನಲ್ಲಿ ಹಿಂದಿರುಗುವಾಗ ಇನ್ನೊಂದು ಹುಳು ತಲೆಯಲ್ಲಿ ಹೊಕ್ಕಿತು. ಕಾಲು ತೋರಿಸಿದ್ದು, ರೇಸಿನಲ್ಲಿ ನಾನು ಮರುಗಿ ಕೈ ಸಡಿಲಿಸಲಿ ಎಂದೇ? ಈರಣ್ಣನಿಗೆ ವಿಷಯ ಹೇಳಿದ್ದು ಬೇರೆ ತಪ್ಪಾಯಿತು. "ಸಂಘಟಕರಿಗೆ ಒಂದ ಮಾತ ಹೇಳು, ಕೆಲಸ ಮುಗೀತು" ಎಂದ. ಹೇಳಲಿಲ್ಲ. ಹೇಳುವುದಿಲ್ಲ ಎಂದು ಗಟ್ಟಿಯಾಗಿ ನಿರ್ಧರಿಸಿಯೂ ಇರಲಿಲ್ಲ.

ರೇಸಿನ ದಿನ ಚಿತ್ತಿ ಮಳೆ ಬೆಳಗಿನಿಂದಲೇ ಜಿನುಗುತ್ತಿತ್ತು. ಹಾದಿ ಗುಡ್ಡ ಹತ್ತಿ, ಮೇಲೊಂದು ಎರೆಹೊಲದ ಅಂಚು ದಾಟಿ, ಕಲ್ಲಿನ ಇಳಿಜಾರಿನಲ್ಲಿ ಕೆಳಗೆ ಬರುತ್ತಿತ್ತು. ಅದನ್ನು ಮೂರು ಸುತ್ತು ಹೊಡೆಯಬೇಕು. ಏರಿನಲ್ಲಿ ಲಗಮವ್ವ ನನ್ನನ್ನು ಬಿಟ್ಟು ಹೋದಳು. ಆಕೆ ತುಳಿಯುತ್ತಲೂ ಇದ್ದಳು, ಎಳೆಯುತ್ತಲೂ ಇದ್ದಳು. ನನಗೆ ತುಳಿಯುವುದಷ್ಟೇ. ಇಳಿಜಾರಿನಲ್ಲಿ ನಾನು ಅಂತರ ಕಡಿಮೆ ಮಾಡಿಕೊಳ್ಳುತ್ತಿದ್ದೆ. ಎರಡು ಸುತ್ತು ಹೀಗೇ ನಡೆಯಿತು. ನಿಡಸೋಸಿಯ ಹುಡುಗಿ ನಮ್ಮಿಬ್ಬರ ಹಿಂದೆ ಎಲ್ಲೋ ಇದ್ದಳು.

ಕೊನೆಯ ಸುತ್ತಿಗೆ ಮಣ್ಣು ಪೂರ್ತಿ ನೆನೆದಿತ್ತು. ಎರೆಹೊಲದ ಅಂಚಿನಲ್ಲಿ ಇಬ್ಬರೂ ಸೈಕಲ್ ಹೆಗಲಿಗೇರಿಸಿ ನಡೆದೆವು. ಆಚೆ ತಲುಪಿದಾಗ ಆಕೆ ಅಲ್ಲೇ ನಿಂತಿದ್ದಳು. ಬೂಟಿನ ಅಡಿಯ ಮಣ್ಣನ್ನು ಕಡ್ಡಿಯಿಂದ ಕೆದಕುತ್ತಿದ್ದಳು. ತುಳಿದಳು, ಕೂರಲಿಲ್ಲ. ಮತ್ತೆ ಕೆದಕಿದಳು. ಬಲಗಾಲು ಕೂತಿತು, ಎಡಗಾಲು ಕೂರಲಿಲ್ಲ. ನಾನು ಆಕೆಯ ಪಕ್ಕದಲ್ಲೇ ಸೈಕಲ್ ಇಳಿಸಿದೆ.

ಒಂದು ಗಳಿಗೆ ಹಾಗೇ ನಿಂತೆ. ನಾನು ನಿಲ್ಲಲಿ ಎಂದು ಕಾಯುತ್ತಿದ್ದಾಳೆಯೇ ಎಂದು ಮುಖ ನೋಡಿದೆ. ಆಕೆಗೆ ಸಿಟ್ಟು ಬಂತು.

"ಏನ್ ನೋಡ್ತೀರಿ? ಹೋಗ್ರೆಲಾ!"

ಮಣ್ಣು ಮೆತ್ತಿದ ಬೂಟನ್ನೇ ಮೊಳೆಗಳ ಮೇಲಿಟ್ಟೆ. ಒಂದೆರಡು ತುಳಿತಕ್ಕೆ ಮಣ್ಣು ತಾನೇ ಹಿಂಡಿ ಹೊರಬಂತು. ಕಲ್ಲಿನ ಇಳಿಜಾರು ಎದುರಾಯಿತು. ಹಿಮ್ಮಡಿ ಇಳಿಸಿದೆ. ನಡುವಿನ ತಿರುವಿನಲ್ಲಿ ಹಿಂದಿನ ಗಾಲಿ ಜಾರಿ ಸೈಕಲ್ ಎಡಕ್ಕೆ, ಮುರಿದ ಹೆಗಲಿನ ಕಡೆಗೇ, ವಾಲಿತು. ನಾನು ಯೋಚಿಸುವುದರೊಳಗೆ ಎಡಗಾಲು ನೆಲಕ್ಕೆ ಬಡಿದು, ದಬ್ಬಿ, ಮತ್ತೆ ಪೆಡಲ್ಲಿಗೆ ಬಂದು ಕೂತಿತ್ತು. ಹೆದರಿಕೆ ಆಮೇಲೆ ಬಂತು, ಕೆಳಗೆ ಬಯಲಿನಲ್ಲಿ. ಹಿಂದೆ ಆಕೆಯ ಬ್ರೇಕು ಕಿರುಗುಟ್ಟುವುದು ಕೇಳಿಸುತ್ತಿತ್ತು. ಎಡಗಾಲನ್ನು ಗಾಳಿಯಲ್ಲಿ ಬಿಟ್ಟುಕೊಂಡೇ ಆ ಇಳಿಜಾರು ಇಳಿದಿದ್ದಳು. ಹಿಂದಿನಿಂದ ಹಾರಿ ಬರುತ್ತಾಳೆಂದು ಗೆರೆ ದಾಟುವ ತನಕ ನಂಬಿಕೊಂಡೇ ತುಳಿದೆ. ದಾಟಿದ ಮೇಲೆ ತಿರುಗಿ ನೋಡಿದೆ. ಸ್ವಲ್ಪವೇ ಹಿಂದೆ ಬರುತ್ತಿದ್ದಳು.

ಎರಡನೆಯವಳನ್ನು ಮೀಸಲು ಸ್ಪರ್ಧಿಯಾಗಿ ಇಟ್ಟುಕೊಳ್ಳುತ್ತಾರೆ. ತಂಡದ ಜೊತೆ ರಾಜ್ಯ ರೇಸಿಗೆ ಹೋಗಬಹುದು. ಹೆಸರು ಬರೆಸಲು ಮೇಜಿನ ಕಡೆ ನಡೆಯುವಾಗ ಲಗಮವ್ವನ ಎಡಗಾಲು ಎದ್ದು ಕಾಣುವಷ್ಟು ಎಳೆಯುತ್ತಿತ್ತು. ಸಂಘಟಕರಲ್ಲಿ ಒಬ್ಬರು ತಲೆ ಎತ್ತಿದರು.

"ಈಕಿ ಯಾಕ ಕುಂಟಾಕತ್ತಾಳ?"

ಈರಣ್ಣ ನನ್ನ ಪಕ್ಕದಲ್ಲೇ ಇದ್ದ. ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ನಾನು ನನ್ನ ಕಾಲನ್ನು ಮೇಜಿನ ಮುಂದೆ ಚಾಚಿದೆ. ರಕ್ತ, ಮಣ್ಣು, ಹಳೆಯ ಗಾಯಗಳ ಕಪ್ಪು ಗೆರೆಗಳು.

"ಈ ಹಾದ್ಯಾಗ ಯಾರ ಕುಂಟಂಗಿಲ್ರಿ? ನನ್ನ ಕಾಲ ನೋಡ್ರಿ."

ಅವರು ನೋಡಿ ಮುಖ ಹಿಂಡಿದರು. "ಔಷಧ ಹಚ್ಚಿಸ್ಕೊಳ್ರವಾ ಇಬ್ಬರೂ" ಎಂದು ಹೆಸರು ಬರೆದುಕೊಂಡರು. ಈರಣ್ಣ ನನ್ನ ಪಕ್ಕದಿಂದ ಸರಿದು ಹೊರಗೆ ನಡೆದ.

ಲಗಮವ್ವ ನೀರಿನ ಟ್ಯಾಂಕರಿನ ಹಿಂದೆ ನನ್ನನ್ನು ಅಡ್ಡಗಟ್ಟಿದಳು. ಕೃತಜ್ಞತೆಯ ಮುಖವಲ್ಲ ಅದು. ಕಣ್ಣು ಸಣ್ಣ ಮಾಡಿ, ಮೇಲಿನಿಂದ ಕೆಳಗಿನ ತನಕ ಅಳೆಯುವ ಹಾಗೆ ನೋಡಿದಳು.

"ಯಾಕ ಹೇಳ್ಲಿಲ್ರಿ?"

"ಹೇಳಬೇಕನಸಲಿಲ್ಲ."

"ಅಷ್ಟೇನಾ?"

"ಅಷ್ಟ."

"ನಂಬೂದಿಲ್ಲ ಬಿಡ್ರಿ ನಾ" ಎಂದು ಸೈಕಲ್ ತಿರುಗಿಸಿಕೊಂಡು ಹೋದಳು.

ಮರುದಿನ ಶಾಲೆಯ ಮೈದಾನದಲ್ಲಿ ನಿಂತಿದ್ದಾಗ ಆಕೆಯ ಫೋನು ಬಂತು. ರಾಜ್ಯ ರೇಸಿನ ಹಾದಿಯ ಬಗ್ಗೆ ಒಂದಷ್ಟು ಮಾತಾಡಿ, ಕೊನೆಗೆ ಸುಮ್ಮನೆ ಕೇಳಿದವಳಂತೆ ಕೇಳಿದಳು: "ನಿನ್ನೆ ಟೈರಿನ್ಯಾಗ ಗಾಳಿ ಎಷ್ಟ ಇಟ್ಟಿದ್ರಿ ಅಕ್ಕಾ? ಆ ಕಲ್ಲಿನ್ಯಾಗ ಭಾಳ ಚಲೋ ಹಿಡೀತು."

"ಯಾಕ ಕೇಳ್ತಿ?"

"ಹಂಗ ಸುಮ್ನ."

ಮೈದಾನದ ಆಚೆ ಹುಡುಗಿಯರು ಕಬಡ್ಡಿಗೆ ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಮುಗಿಯುವ ತನಕ ನೋಡಿದೆ. ಆಕೆ ಫೋನ್ ಇಟ್ಟಿರಲಿಲ್ಲ. ಆಮೇಲೆ ಮುಂದಿನ ಗಾಲಿಯ ಗಾಳಿ ಎಷ್ಟು, ಹಿಂದಿನದರ ಗಾಳಿ ಎಷ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.